ಒಬ್ಬರೇ ಇದ್ದಾಗ ಕೇಳಬೇಕಾದ ಪ್ರಶ್ನೆ

ಜೋಗುಪಾಳ್ಯದಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವ ಆದಿನಾರಾಯಣ ದಿನಾ ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಗೂಟ ತುಂಬಿಟ್ಟ ತಗಡಿನ ಡಬ್ಬಕ್ಕೆ ಕೈಹಾಕಿ ಅಡಿಯಲ್ಲಿದ್ದ ಮಾತ್ರೆಯೊಂದನ್ನು ತೆಗೆದು ನುಂಗುತ್ತಿದ್ದ. ಹೃದಯದ ಬಡಿತವನ್ನು ತಗ್ಗಿಸುವ ಮಾತ್ರೆ ಅದು. ಕೆಲವು ತಿಂಗಳ ಹಿಂದೆ ಒಂದು ಮಧ್ಯಾಹ್ನ ಎದೆ ಡವಡವ ಹೊಡೆದುಕೊಂಡು, ಮೈಯೆಲ್ಲ ಬೆವೆತು, ಕಟ್ಟಿದ ಕಂಬವನ್ನೇ ಹಿಡಿದು ಕೂತಿದ್ದ. ಡಾಕ್ಟರು ನೋಡಿ, ಬಿಪಿ ಇದೆ, ಹೃದಯ ಸ್ವಲ್ಪ ದಣಿದಿದೆ, ಮಾತ್ರೆ ತಪ್ಪಿಸಬೇಡಿ, ನಿಧಾನವಾಗಿ ನಡೆದಾಡಿ ಎಂದಿದ್ದರು. ಈ ವಿಷಯ ಹೆಂಡತಿ ಅಮೃತಮ್ಮನಿಗೆ ಗೊತ್ತಿರಲಿಲ್ಲ, ಮಗಳು ಮೋನಿಷಾಗೂ ಗೊತ್ತಿರಲಿಲ್ಲ. ಬೀದಿಯ ಮೆಡಿಕಲ್ ಸ್ಟೋರಿನವರಿಗೂ ತಿಳಿಯಬಾರದೆಂದು ಆತ ಮಾತ್ರೆಗೆ ಶಿವಾಜಿನಗರದ ನಯಾಜ್‌ನ ಅಂಗಡಿಗೆ ಹೋಗುತ್ತಿದ್ದ.

ಮುಚ್ಚಿಡಲು ಕಾರಣ ಮೋನಿಷಾಳ ಮದುವೆ. ಮಹದೇವಪುರದ ಮುನಿಶಾಮಿಯ ಮಗ ಶ್ರೀನಾಥನ ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ಮೋನಿಷಾಳ ಮನಸ್ಸಿಗೂ ಹಿಡಿಸಿದ್ದ. ವರ್ಷಗಟ್ಟಲೆ ಬೇರೆಯವರ ಮದುವೆಗೆ ಚಪ್ಪರ ಹಾಕಿದವನಿಗೆ ಮದುವೆಗಳು ಹೇಗೆ ಮುರಿಯುತ್ತವೆ ಅನ್ನುವುದು ಪುರೋಹಿತರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಒಮ್ಮೆ ಹಲಸೂರಿನಲ್ಲೇ, ಬೆಳಿಗ್ಗೆ ಕಟ್ಟಿದ ಶಾಮಿಯಾನವನ್ನು ಸಂಜೆಯೇ ಬಿಚ್ಚಿಕೊಂಡು ಬಂದಿದ್ದ. ಹೆಣ್ಣಿನ ಅಪ್ಪನಿಗೆ ಹಾರ್ಟ್ ತೊಂದರೆಯಂತೆ, ಅದು ವಂಶದಲ್ಲಿ ಬರುತ್ತದಂತೆ, ನಾಳೆ ಆ ಮನೆಯ ಭಾರವೆಲ್ಲ ಅಳಿಯನ ತಲೆಗೇ ಅಂತೆ ಎಂದು ಗಂಡಿನ ಕಡೆಯವರು ಎದ್ದುಹೋಗಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಆದಿನಾರಾಯಣನದು ಒಂದೇ ಸುಳ್ಳು, ಅದನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಯಾರೂ ಕೇಳದಿದ್ದರೆ ಸಾಕಿತ್ತು, ಆದರೆ ಅಕ್ಕನ ಮಗ ದೀಪು ಕೇಳಿದ.

ದೀಪು ಇಂದಿರಾನಗರದ ಒಂದು ಜಿಮ್ಮಿನಲ್ಲಿ ತೂಕದ ತಟ್ಟೆಗಳನ್ನು ಎತ್ತಿಡುವ, ಬಂದವರಿಗೆ ಟವೆಲ್ ಕೊಡುವ ಕೆಲಸದಲ್ಲಿದ್ದ. ತೋಳು ನೋಡಿದರೆ ಟ್ರೇನರ್ ಅನ್ನಬೇಕು, ಆದರೆ ಸರ್ಟಿಫಿಕೇಟ್ ಇಲ್ಲದೆ ಟ್ರೇನರ್ ಮಾಡುವುದಿಲ್ಲ ಎಂದು ಮಾಲೀಕ ಹೇಳಿಬಿಟ್ಟಿದ್ದ. ಹಾಗಾಗಿ ಹಲಸೂರಿನ ಒಂದು ಬಟ್ಟೆ ಅಂಗಡಿಯ ಮೇಲಿನ ಹಾಲಿನಲ್ಲಿ ನಡೆಯುವ ಕೋರ್ಸಿಗೆ ಸೇರಿದ. ಅಲ್ಲಿ ಪಾಠ ಹೇಳುವವರು ಸುಕನ್ಯ ಮೇಡಂ. ಅವರು ಫಿಸಿಯೋಥೆರಪಿಸ್ಟ್, ನಗುವುದು ಅಪರೂಪ, ಹೊಗಳುವುದು ಇನ್ನೂ ಅಪರೂಪ.

ಮೊದಲ ವಾರದಲ್ಲೇ ಸುಕನ್ಯ ಹುಡುಗರ ತಲೆಯಲ್ಲಿದ್ದ ಪ್ರೋಟೀನ್ ಪುಡಿಯನ್ನೆಲ್ಲ ಕೊಡವಿ ಹಾಕಿದರು. ಸ್ನಾಯು ಕೆಲಸ ಮಾಡಲು ಶಕ್ತಿ ಬೇಕು. ಮೊದಲ ಕೆಲವು ಕ್ಷಣಗಳಿಗೆ ಸ್ನಾಯು ತನ್ನೊಳಗೇ ಕೂಡಿಟ್ಟುಕೊಂಡದ್ದು ಸಾಕಾಗುತ್ತದೆ, ಆಮೇಲೆ ಸಕ್ಕರೆ ಒಡೆಯಬೇಕು, ಕೆಲಸ ಮುಂದುವರಿದರೆ ಆಮ್ಲಜನಕ ಬೇಕೇ ಬೇಕು. ಆಮ್ಲಜನಕ ತರುವುದು ರಕ್ತ, ರಕ್ತ ತಳ್ಳುವುದು ಹೃದಯ. ಮದುವೆ ಮನೆಯಲ್ಲಿ ಪಂಕ್ತಿ ಹೆಚ್ಚಾದಂತೆ ಬಡಿಸುವವನು ಬೇಗ ಬೇಗ ಓಡಾಡುತ್ತಾನೆ, ಸೌಟಿನಲ್ಲಿ ಹೆಚ್ಚು ಹೆಚ್ಚು ಎತ್ತುತ್ತಾನೆ. ಹೃದಯವೂ ಹಾಗೆಯೇ, ಬೇಗ ಬಡಿಯುತ್ತದೆ, ಒಂದೊಂದು ಬಡಿತಕ್ಕೂ ಹೆಚ್ಚು ತಳ್ಳುತ್ತದೆ. ಆ ಹೊತ್ತಿಗೆ ಹೊಟ್ಟೆಯ ಕಡೆಯ ರಕ್ತನಾಳಗಳು ಕಿರಿದಾಗಿ ಕಾಲಿನ ಕಡೆಯವು ತೆರೆದುಕೊಳ್ಳುತ್ತವೆ, ಅದಕ್ಕೇ ಬಿರಿಯಾನಿ ತಿಂದು ಬಂದವನನ್ನು ಓಡಿಸಬೇಡಿ ಎಂದರು. ಹುಡುಗರು ನಕ್ಕರು, ಅವರು ನಗಲಿಲ್ಲ.

ಇನ್ನೂರ ಇಪ್ಪತ್ತರಲ್ಲಿ ವಯಸ್ಸು ಕಳೆದರೆ ಒಬ್ಬನ ಹೃದಯ ಎಷ್ಟು ಬೇಗ ಬಡಿಯಬಲ್ಲದು ಅನ್ನುವ ಅಂದಾಜು ಸಿಗುತ್ತದೆ ಎಂದೂ ಹೇಳಿಕೊಟ್ಟರು. ಅದರ ಹಿಂದೆಯೇ, ಅದು ಬರೀ ಅಂದಾಜು, ಕೆಲವು ಬಿಪಿ ಮಾತ್ರೆ ನುಂಗುವವರಲ್ಲಿ ನಾಡಿ ಏರುವುದೇ ಇಲ್ಲ, ಅಂಥವರಲ್ಲಿ ವಾಚು ನೋಡುತ್ತಾ ಕೂತರೆ ಮನುಷ್ಯ ಕೈತಪ್ಪಿ ಹೋಗುತ್ತಾನೆ ಎಂದರು. ಮನುಷ್ಯ ಮಾತಾಡಬಲ್ಲವನಾಗಿರಬೇಕು, ಹಾಡಲು ಆಗಬಾರದು. ಅದು ಸರಿಯಾದ ದಣಿವು. ಯಾರ ಕೈಗಾದರೂ ಡಂಬೆಲ್ ಕೊಡುವ ಮೊದಲು ಕಾಯಿಲೆ ಏನು, ಮಾತ್ರೆ ಯಾವುದು ಎಂದು ಕೇಳಿ, ಒಬ್ಬರೇ ಇದ್ದಾಗ ಕೇಳಿ. ದೀಪು ಇನ್ನೂರ ಇಪ್ಪತ್ತರ ಲೆಕ್ಕವನ್ನು ಬಾಯಿಪಾಠ ಮಾಡಿದ. ಮಾತ್ರೆಯ ಮಾತು ರೋಗಿಗಳಿಗೆ ಸೇರಿದ್ದು ಎಂದುಕೊಂಡ. ಒಬ್ಬರೇ ಇದ್ದಾಗ ಅನ್ನುವುದು ಅವನಿಗೆ ಪಾಠವೇ ಅನ್ನಿಸಲಿಲ್ಲ.

ಕೋರ್ಸಿನ ಕೊನೆಗೆ ಒಂದು ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ಪ್ರತಿಯೊಬ್ಬರೂ ಹೊಸಬರೊಬ್ಬರನ್ನು ಕೆಲವು ವಾರ ತಯಾರು ಮಾಡಿ, ಮೇಡಂ ಮುಂದೆ ವ್ಯಾಯಾಮ ಮಾಡಿಸಿ ತೋರಿಸಬೇಕು. ದೀಪುವಿನ ಕಣ್ಣು ಸೋದರಮಾವನ ಮೇಲೆ ಬಿತ್ತು.

ಮುನಿಶಾಮಿಯವರು ಹೆಣ್ಣು ನೋಡಲು ಬಂದ ದಿನ ಮನೆಯ ನಡುಮನೆ ತುಂಬ ಜನ. ಮುನಿಶಾಮಿ, ಅವನ ಹೆಂಡತಿ ಹಂಸ, ಶ್ರೀನಾಥ, ಜೊತೆಗೆ ಬಂದ ಹಿರಿಯರು ಎಲ್ಲರೂ ಕೇಸರಿಬಾತಿನ ತಟ್ಟೆ ಹಿಡಿದು ಕೂತಿದ್ದರು. ನೀನೇನಪ್ಪಾ ಮಾಡ್ಕೊಂಡಿದ್ದೀಯ ಎಂದು ಮುನಿಶಾಮಿ ದೀಪುವನ್ನು ಕೇಳಿದ. ಕೇಳುವವರು ಸಿಕ್ಕಿದ ಸಂತೋಷಕ್ಕೆ ದೀಪು ಹೃದಯ, ರಕ್ತ, ಆಮ್ಲಜನಕ ಎಲ್ಲವನ್ನೂ ಹೇಳಿ ಮುಗಿಸಿ, ನಮ್ಮ ಮಾವನನ್ನೇ ಟ್ರೈನ್ ಮಾಡುತ್ತೇನೆ ಎಂದು ಘೋಷಿಸಿದ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ತನ್ನ ವಿದ್ಯೆ ಎಂಥದ್ದೆಂದು ಬಂದವರು ನೋಡಲಿ ಅನ್ನಿಸಿತು ಹುಡುಗನಿಗೆ.

"ಮಾವ, ಶುರು ಮಾಡೋಕೆ ಮುಂಚೆ ಕೇಳ್ಬೇಕು. ಬಿಪಿ, ಶುಗರು, ಹಾರ್ಟ್ ಪ್ರಾಬ್ಲಮ್ ಏನಾದ್ರೂ ಇದ್ಯಾ? ಮಾತ್ರೆ ಏನಾದ್ರೂ ತಗೋತೀರಾ?"

ಹಂಸಳ ಚಮಚ ತಟ್ಟೆಯ ಮೇಲೇ ನಿಂತಿತು. ಹೆಣ್ಣಿನ ಮನೆಯಲ್ಲಿ ಕೂತು ಯಾರೂ ಬಾಯಿಬಿಟ್ಟು ಕೇಳಲಾರದ ಪ್ರಶ್ನೆಯನ್ನು ಹೆಣ್ಣಿನ ಕಡೆಯ ಹುಡುಗನೇ ಕೇಳಿಕೊಟ್ಟಿದ್ದ. ಉತ್ತರಕ್ಕೆ ಕಾಯದೆ ಇರಲು ಅವರೇನು ದೇವರೇ? ಅಡುಗೆಮನೆಯ ಬಾಗಿಲಲ್ಲಿ ಮೋನಿಷಾ ನಿಂತಿದ್ದಳು. ಆದಿನಾರಾಯಣ ಅವಳ ಮುಖ ನೋಡಿ ಉತ್ತರ ಕೊಟ್ಟ.

"ನನಗೇನೋ ಆಗಿದೆ? ಗುಂಡುಕಲ್ಲು ಇದ್ದಂಗಿದೀನಿ."

ಎಲ್ಲರೂ ನಕ್ಕರು. ಬೀಗರು ಗಟ್ಟಿಗರು ಎಂದು ಮುನಿಶಾಮಿ ತೊಡೆ ತಟ್ಟಿದ. ತಾನೂ ಅಷ್ಟೇ, ಹುಟ್ಟಿದಾಗಿನಿಂದ ಒಂದು ಮಾತ್ರೆ ಬಾಯಿಗೆ ಹಾಕಿದವನಲ್ಲ ಎಂದೂ ಸೇರಿಸಿದ, ಅವನನ್ನು ಯಾರೂ ಕೇಳಿರಲಿಲ್ಲ. ಅಮೃತಮ್ಮ ಸಂತೋಷದಿಂದ ಅವನ ತಟ್ಟೆಗೆ ಇನ್ನಷ್ಟು ಕೇಸರಿಬಾತ್ ಹಾಕಿದಳು, ಅವನು ಬೇಡ ಅನ್ನಲಿಲ್ಲ. ಆಷಾಢ ಕಳೆದ ಮೇಲೆ ಒಪ್ಪು ವೀಳ್ಯ ಬದಲಿಸಿ ಮದುವೆ ನಿಶ್ಚಯ ಮಾಡುವುದೆಂದು ಮಾತಾಯಿತು.

ಆಷಾಢದ ತಂಗಾಳಿಯಲ್ಲಿ ತರಬೇತಿ ಶುರುವಾಯಿತು. ಹಲಸೂರು ಕೆರೆಯ ದಂಡೆಯಲ್ಲಿ ಬಿರುಸಿನ ನಡಿಗೆ, ಆಮೇಲೆ ಮನೆಯ ಮಹಡಿ ಮೆಟ್ಟಿಲು. ದೀಪು ಮಾವನ ಕೈಗೆ ನಾಡಿ ತೋರಿಸುವ ತನ್ನ ವಾಚು ಕಟ್ಟಿದ. ಮಾವನ ವಯಸ್ಸು ಐವತ್ತೆರಡು, ಅವನ ಲೆಕ್ಕದ ಪ್ರಕಾರ ಹೆಚ್ಚೆಂದರೆ ನೂರ ಅರವತ್ತೆಂಟು, ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಅಂದರೆ ನಾಡಿ ನೂರಹದಿನೆಂಟರ ಹತ್ತಿರ ಬರಬೇಕು. ಅದು ತೊಂಬತ್ತರ ಆಸುಪಾಸಿನಲ್ಲೇ ಕೂತಿತ್ತು. ಮಾವನದು ಕ್ರೀಡಾಪಟುವಿನ ಹೃದಯ, ಇನ್ನೂ ದಣಿದೇ ಇಲ್ಲ ಎಂದು ಹುಡುಗ ಹೆಮ್ಮೆಪಟ್ಟು ನಡಿಗೆಯ ವೇಗ ಹೆಚ್ಚಿಸಿದ. ಆಮೇಲೆ ಮೆಟ್ಟಿಲು ಹೆಚ್ಚಿಸಿದ, ಅದಕ್ಕೂ ಏರದಿದ್ದಾಗ ಎರಡೂ ಕೈಗೆ ನೀರು ತುಂಬಿದ ಕ್ಯಾನು ಕೊಟ್ಟ.

ವಾಚಿಗೆ ದಣಿವು ಕಾಣಲಿಲ್ಲ, ಮನುಷ್ಯನಿಗೆ ಕಂಡಿತು. ಸಂಜೆಯ ಹೊತ್ತಿಗೆ ಆದಿನಾರಾಯಣನ ಕಾಲು ಹತ್ತಿಯಾಗುತ್ತಿತ್ತು. ಹಗ್ಗ ಬಿಗಿಯಲು ಕೂತವನಿಗೆ ಏಳಲು ಕಂಬ ಬೇಕಾಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವನ ಮಾತು ನಿಂತುಹೋಯಿತು. ಜೋಗುಪಾಳ್ಯದಲ್ಲಿ ಆದಿನಾರಾಯಣನಷ್ಟು ಮಾತಾಡುವ ಇನ್ನೊಬ್ಬನಿರಲಿಲ್ಲ. ಯಾವ ಮದುವೆಯಲ್ಲಿ ಗಾಳಿಗೆ ಶಾಮಿಯಾನ ಹಾರಿ ಯಾರ ತಲೆ ಮೇಲೆ ಬಿತ್ತು ಎಂದು ಕೆರೆಯ ಪೂರ್ತಿ ಸುತ್ತು ಹೇಳುತ್ತಾ ಹೋಗಬಲ್ಲವನು ಈಗ ಕೇಳಿದ್ದಕ್ಕೆಲ್ಲ ಹ್ಞೂ ಅನ್ನುತ್ತಿದ್ದ. ಮಾವ ಮನಸ್ಸಿಟ್ಟು ಮಾಡುತ್ತಿದ್ದಾರೆ ಎಂದುಕೊಂಡ ದೀಪು. ಪುಸ್ತಕದ ಬದನೆಕಾಯಿ ಅಂದರೆ ಇದೇ.

ಪರೀಕ್ಷೆ ಹತ್ತಿರ ಬಂದಾಗ ಹುಡುಗನ ಮುಖ ಬಾಡಿತು. ನಾಡಿ ಏರದಿದ್ದರೆ ಮೇಡಂ ಏನನ್ನುತ್ತಾರೋ ಎಂಬ ಚಿಂತೆ. ಅದನ್ನು ನೋಡಲಾರದೆ ಆದಿನಾರಾಯಣ ಶಿವಾಜಿನಗರಕ್ಕೆ ಹೋಗಿ, ಆ ಒಂದು ದಿನ ಮಾತ್ರೆ ಬಿಟ್ಟರೆ ಏನಾಗುತ್ತದೆ ಎಂದು ನಯಾಜ್‌ನನ್ನು ಕೇಳಿದ. ನಯಾಜ್ ಮಾತ್ರೆಯ ಪಟ್ಟಿ ಕತ್ತರಿಸುತ್ತಿದ್ದ ಕತ್ತರಿ ಕೆಳಗಿಟ್ಟ.

"ಅಣ್ಣಾ, ಮಾತ್ರೆ ಬಿಟ್ಟು ಕುಣಿಯೋಕೆ ಹೋದ್ರೆ ಮಗಳ ಮದುವೆ ಶಾಮಿಯಾನ ಬೇರೆಯೋರು ಕಟ್ತಾರೆ. ಹುಡುಗನಿಗೆ ಹೇಳ್ಬಿಡಿ."

ಒಪ್ಪು ವೀಳ್ಯ ಆಗಲಿ, ಹೇಳುತ್ತೇನೆ ಎಂದ ಆದಿನಾರಾಯಣ. ಮಾತ್ರೆಯನ್ನಂತೂ ಬಿಡಲಿಲ್ಲ, ಆ ಮಟ್ಟಿಗೆ ಬುದ್ಧಿ ಕೇಳಿದ. ನುಂಗಲೂ ಆಗದ, ಉಗುಳಲೂ ಆಗದ ಗುಟ್ಟನ್ನು ಕಟ್ಟಿಕೊಂಡೇ ಪರೀಕ್ಷೆಯ ದಿನ ಬಟ್ಟೆ ಅಂಗಡಿಯ ಮೇಲಿನ ಹಾಲಿಗೆ ಮೆಟ್ಟಿಲು ಹತ್ತಿದ.

ಅವತ್ತೇ ಮುನಿಶಾಮಿಯೂ ಬಂದಿದ್ದ. ಪರೀಕ್ಷೆ ಮುಗಿದ ಕೂಡಲೇ ಇಬ್ಬರೂ ಹೋಗಿ ಕಲ್ಯಾಣ ಮಂಟಪ ನೋಡಿಕೊಂಡು ಬರುವುದೆಂದು ಮಾತಾಗಿತ್ತು. ಬೀಗರ ಕಸರತ್ತು ನಾನೂ ನೋಡುತ್ತೇನೆ ಎಂದು ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ.

ಮುಂದೆ ಮೊಣಕಾಲೆತ್ತರದ ಒಂದು ಪೆಟ್ಟಿಗೆ. ಅದರ ಮೇಲೆ ಹತ್ತುವುದು, ಇಳಿಯುವುದು. ದೀಪು ಚಪ್ಪಾಳೆ ತಟ್ಟಿ ಲಯ ಕೊಟ್ಟ, ಮಾವ ಹತ್ತಿ ಇಳಿದ. ವಾಚು ತೊಂಬತ್ತೆರಡು ತೋರಿಸಿತು. ದೀಪು ಚಪ್ಪಾಳೆ ಚುರುಕು ಮಾಡಿದ. ಮಾವನ ಬನಿಯನ್ ಬೆನ್ನಿಗೆ ಅಂಟಿತು, ವಾಚು ತೊಂಬತ್ತನಾಲ್ಕಕ್ಕೆ ಬಂದು ನಿಂತಿತು. ಸುಕನ್ಯ ವಾಚಿನ ಕಡೆ ನೋಡಲೇ ಇಲ್ಲ, ಆದಿನಾರಾಯಣನ ಮುಖವನ್ನೇ ನೋಡುತ್ತಿದ್ದರು. ಹತ್ತಿ ಇಳಿಯುತ್ತಲೇ ಶಾಮಿಯಾನ ಕಟ್ಟುವುದು ಹೇಗೆಂದು ಸ್ವಲ್ಪ ಹೇಳಿ ಎಂದು ಅವನನ್ನು ಕೇಳಿದರು.

ಅದು ಆದಿನಾರಾಯಣ ನಿದ್ದೆಯಲ್ಲೂ ಹೇಳಬಲ್ಲ ವಿಷಯ. ಅವನು ಬಾಯಿ ತೆರೆದು "ಮೊದ್ಲು ಗೂಟ..." ಎಂದ. ಮುಂದಿನ ಮಾತು ಬರಲಿಲ್ಲ. ಇನ್ನೊಮ್ಮೆ "ಗೂಟ" ಎಂದು ಪೆಟ್ಟಿಗೆಯ ಮೇಲೆ ಕಾಲಿಡಲು ಹೋದ, ಕಾಲು ಅಂಚಿಗೆ ತಾಗಿತು.

ದೀಪು ಆಗ ಮಾವನ ಮುಖ ನೋಡಿದ. ತುಟಿಯ ಸುತ್ತ ಬಿಳಿಚಿತ್ತು. ಇಷ್ಟು ವಾರ ಮಾವ ಮಾತಾಡದೆ ಇದ್ದದ್ದು ಯಾಕೆಂದು ಅವನಿಗೆ ಒಮ್ಮೆಗೇ ಹೊಳೆಯಿತು. ಚಪ್ಪಾಳೆ ನಿಲ್ಲಿಸಿ ಓಡಿಹೋಗಿ ತೋಳು ಹಿಡಿದುಕೊಂಡ. ಕೂರಲು ಹೊರಟವನನ್ನು ಕೂರಗೊಡದೆ, ಮೈಗೆ ಆನಿಸಿಕೊಂಡು, ಹಾಲಿನ ಆ ಗೋಡೆಯಿಂದ ಈ ಗೋಡೆಗೆ ಮೆಲ್ಲಗೆ ನಡೆಸಿದ. ಒಮ್ಮೆಲೇ ನಿಂತರೆ ರಕ್ತವೆಲ್ಲ ಕಾಲಿನಲ್ಲೇ ಉಳಿದು ತಲೆ ಸುತ್ತುತ್ತದೆ ಅನ್ನುವ ಪಾಠವಾದರೂ ನೆನಪಿತ್ತು. ಉಸಿರು ಒಂದು ಹದಕ್ಕೆ ಬಂದ ಮೇಲೆ ಕುರ್ಚಿಯಲ್ಲಿ ಕೂರಿಸಿದ.

ನಾಡಿ ಇನ್ನೂ ಬೇಕಾದಷ್ಟು ಏರಿಲ್ಲವಲ್ಲ, ಯಾಕೆ ನಿಲ್ಲಿಸಿದಿರಿ ಎಂದು ಸುಕನ್ಯ ಕೇಳಿದರು. ಮಾವನಿಗೆ ಮಾತಾಡಲು ಆಗುತ್ತಿಲ್ಲ, ವಾಚು ಏನು ಹೇಳಿದರೂ ನಾನು ನಂಬುವುದಿಲ್ಲ ಎಂದ ದೀಪು. ಹಾಗಾದರೆ ಈಗ ಏನು ಮಾಡಬೇಕು ಎಂದರು. ದೀಪು ಒಮ್ಮೆ ಗೋಡೆ ಪಕ್ಕದ ಮುನಿಶಾಮಿಯನ್ನು ನೋಡಿದ. ಹೆಣ್ಣು ನೋಡಲು ಬಂದ ದಿನ, ಹಂಸಳ ಚಮಚ, ತಾನು ಕೇಳಿದ ಪ್ರಶ್ನೆ ಎಲ್ಲವೂ ನೆನಪಾಯಿತು. ಮಾವನನ್ನು ಎಬ್ಬಿಸಿ, ಮೆಟ್ಟಿಲ ಪಡಸಾಲೆಗೆ ಕರೆದುಕೊಂಡು ಹೋಗಿ, ಬಾಗಿಲು ಎಳೆದುಕೊಂಡ.

ಕೆಳಗೆ ಬಟ್ಟೆ ಅಂಗಡಿಯವರು ಗಿರಾಕಿಗಳನ್ನು ಕೂಗುತ್ತಿದ್ದರು. ದೀಪು ಅದೇ ಪ್ರಶ್ನೆಯನ್ನು ಈ ಸಲ ಮೆಲ್ಲಗೆ ಕೇಳಿದ. ಆದಿನಾರಾಯಣ ಗೋಡೆಗೆ ಒರಗಿ, ಡಾಕ್ಟರು, ಗೂಟದ ಡಬ್ಬ, ನಯಾಜ್, ಮೋನಿಷಾ ಎಲ್ಲವನ್ನೂ ಹೇಳಿ ಮುಗಿಸಿದ. ಇಷ್ಟು ದಿನ ಎದೆಯ ಮೇಲೆ ಹೊತ್ತದ್ದು ಇಳಿದು ಅವನಿಗೆ ಹಗುರವಾಯಿತು. ಹುಡುಗನ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡು ಒಳಗೆ ಹೋದ.

ಕಾರಣ ಗೊತ್ತಾಯಿತೇ ಎಂದರು ಸುಕನ್ಯ. ಗೊತ್ತಾಯಿತು ಎಂದ. ಏನು ಎಂದರು. ಅವರ ಪ್ರಶ್ನೆ ಪರೀಕ್ಷಕರ ಪ್ರಶ್ನೆ, ಅದರಲ್ಲಿ ತಪ್ಪಿಲ್ಲ. ಮುನಿಶಾಮಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದ.

"ಅದು ನಮ್ಮ ಮಾವಂಗೆ ಸೇರಿದ್ದು, ಮೇಡಂ. ಇಲ್ಲಿ ಹೇಳಲ್ಲ. ಬೇಕಾದ್ರೆ ಫೇಲ್ ಅಂತ ಬರ್ಕೊಳ್ಳಿ."

ಸುಕನ್ಯ ಪೆನ್ನಿನ ಮುಚ್ಚಳ ತೆಗೆದರು. ಎಳೆದ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಪಡಸಾಲೆಯಲ್ಲಿದ್ದ ಆದಿನಾರಾಯಣನಿಗೆ ಎಲ್ಲವೂ ಕೇಳಿಸಿತು. ತನ್ನ ಸುಳ್ಳನ್ನು ಕಾಯಲು ಹುಡುಗ ತನ್ನ ಸರ್ಟಿಫಿಕೇಟನ್ನೇ ಕಳೆದುಕೊಳ್ಳುತ್ತಿದ್ದಾನೆ. ಆದಿನಾರಾಯಣನಿಗೆ ನಾಚಿಕೆಯಾಯಿತು. ಒಳಗೆ ಬಂದು, ಮೇಡಂಗೆ ಅಲ್ಲ, ಮುನಿಶಾಮಿಗೆ ಹೇಳಿದ.

"ನನಗೆ ಹಾರ್ಟ್ ಸ್ವಲ್ಪ ವೀಕು, ಬೀಗ್ರೇ. ಬಿಪಿನೂ ಇದೆ. ದಿನಾ ಮಾತ್ರೆ ನುಂಗ್ತೀನಿ. ಅವತ್ತು ನಿಮ್ಮೆದುರಿಗೆ ಸುಳ್ಳು ಹೇಳ್ದೆ. ಹುಡುಗಂದು ತಪ್ಪಿಲ್ಲ."

ಮುನಿಶಾಮಿ ಮಂಟಪ ಇನ್ನೊಂದು ದಿನ ನೋಡೋಣ ಎಂದು ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದ. ಆ ಚಪ್ಪಲಿ ಸದ್ದು ಕೆಳಗಿಳಿಯುವುದನ್ನು ಕೇಳುತ್ತಾ ಆದಿನಾರಾಯಣ ಮಗಳ ಮದುವೆ ಮುಗಿಯಿತು ಎಂದುಕೊಂಡ.

ಸುಕನ್ಯ ಹುಡುಗನದು ತಪ್ಪಿಲ್ಲ ಅನ್ನುವುದನ್ನು ಒಪ್ಪಲಿಲ್ಲ. ಇವತ್ತು ಮಾಡಿದ್ದೆಲ್ಲ ಸರಿ, ಅದಕ್ಕೆ ಮೊದಲು ವಾರಗಟ್ಟಲೆ ವಾಚಿಗೆ ವ್ಯಾಯಾಮ ಮಾಡಿಸಿದ್ದೀರಿ, ಮನುಷ್ಯನಿಗಲ್ಲ, ಮುಂದಿನ ಬ್ಯಾಚಿನಲ್ಲಿ ಇನ್ನೊಮ್ಮೆ ಬನ್ನಿ ಎಂದು ಫೇಲ್ ಮಾಡಿದರು. ಆದಿನಾರಾಯಣನನ್ನು ಅವತ್ತೇ ಡಾಕ್ಟರ ಹತ್ತಿರ ಕಳಿಸಿದರು. ದೀಪು ವಾದ ಮಾಡಲಿಲ್ಲ.

ಮನೆಯಲ್ಲಿ ದೊಡ್ಡ ರಂಪವೇ ಆಯಿತು. ಅಮೃತಮ್ಮ ಸಂಬಂಧ ತಪ್ಪಿದ್ದಕ್ಕಿಂತ ಹೆಚ್ಚಾಗಿ, ತನಗೆ ಹೇಳದೆ ಗೂಟದ ಡಬ್ಬಕ್ಕೆ ಹೇಳಿದ್ದಕ್ಕೆ ಅತ್ತಳು. ಮೋನಿಷಾ ಆ ಡಬ್ಬದಿಂದ ಮಾತ್ರೆಗಳನ್ನೆಲ್ಲ ತಂದು ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಪಕ್ಕದಲ್ಲಿಟ್ಟು, ಇನ್ನು ಇಲ್ಲೇ ಇರುತ್ತವೆ ಎಂದಳು. ಶ್ರೀನಾಥನ ಫೋನು ಬರುತ್ತಿದ್ದ ಹೊತ್ತಿಗೆ ಅವಳು ಮಹಡಿಗೆ ಹೋಗುವುದನ್ನು ನಿಲ್ಲಿಸಲಿಲ್ಲ, ಕೆಳಗೆ ಬಂದಾಗ ಯಾರೂ ಏನೂ ಕೇಳಲಿಲ್ಲ. ಮಹದೇವಪುರದ ಹಿರಿಯರಿಂದ ಒಂದು ಮಾತೂ ಬರಲಿಲ್ಲ. ಆಷಾಢ ಕಳೆದು ಶ್ರಾವಣ ಬಂತು.

ಶ್ರಾವಣದ ಒಂದು ಮಧ್ಯಾಹ್ನ ಮುನಿಶಾಮಿ ಅಂಗಡಿಗೆ ಬಂದ, ಹೆಂಡತಿಯಿಲ್ಲ, ಹಿರಿಯರಿಲ್ಲ, ಒಬ್ಬನೇ. ದೀಪು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ. ಆದಿನಾರಾಯಣ ಒಂದು ಕುರ್ಚಿ ಒರೆಸಿ ಹಾಕಿದ. ಮುನಿಶಾಮಿ ಕೂತು ಮಳೆಯ ಮಾತಾಡಿದ. ಮಹದೇವಪುರದಲ್ಲಿ ರಸ್ತೆಗೆ ನೀರು ನುಗ್ಗಿ ಕ್ಯಾಬುಗಳು ತೇಲಿದ್ದನ್ನು ಹೇಳಿದ. ಗದ್ದೆ ಇದ್ದ ಕಾಲದಲ್ಲಿ ಆ ನೀರು ಎಲ್ಲಿಗೆ ಹೋಗುತ್ತಿತ್ತೆಂದು ಹೇಳಿದ. ಮಾತು ಖಾಲಿಯಾದ ಮೇಲೆ ದೀಪುವಿನ ಕಡೆ ತಿರುಗಿದ.

"ಅವತ್ತು ಮೆಟ್ಲು ಹತ್ರ ನಿಮ್ಮ ಮಾವನ್ನ ಕರ್ಕೊಂಡೋಗಿ ಏನೋ ಕೇಳ್ದಲ್ಲಪ್ಪ. ಅದನ್ನ ನನ್ನೂ ಕೇಳು."

ದೀಪು ಕೇಳಲು ಬಾಯಿ ತೆರೆದವನು ತಡೆದು ಮಾವನ ಮುಖ ನೋಡಿದ. ಆದಿನಾರಾಯಣ ಅರ್ಥ ಮಾಡಿಕೊಂಡು, ಟೀ ಹೇಳಿ ಬರುತ್ತೇನೆ ಎಂದು ಎದ್ದ. ಹೊರಗೆ ಬಂದು ಷಟರನ್ನು ಅರ್ಧಕ್ಕೆ ಎಳೆದ.

ಎದುರಿನ ಟೀ ಅಂಗಡಿಯ ಮುಂದೆ ನಿಂತು ಕಾದ. ಎಷ್ಟು ಟೀ ಎಂದು ಟೀಯವನು ಕೇಳಿದರೆ ಇರು ಅಂದ. ಒಳಗಿನ ಮಾತು ಕೇಳಿಸುತ್ತಿರಲಿಲ್ಲ, ಷಟರಿನ ಕೆಳಗೆ ಎರಡು ಜೊತೆ ಕಾಲು ಮಾತ್ರ ಕಾಣುತ್ತಿದ್ದವು. ಅವನ ಎದೆ ಮಾತ್ರೆಯನ್ನೂ ಮೀರಿ ಬಡಿದುಕೊಳ್ಳುತ್ತಿತ್ತು. ಬಹಳ ಹೊತ್ತಿನ ಮೇಲೆ ಷಟರ್ ಮೇಲಕ್ಕೆ ಹೋಯಿತು. ಎತ್ತಿದವನು ಮುನಿಶಾಮಿ. ರಸ್ತೆಯ ಆಚೆಯಿಂದಲೇ, ಬೀದಿಗೆಲ್ಲ ಕೇಳುವಂತೆ ಕೂಗಿದ.

"ಬೀಗ್ರೇ, ನನ್ನ ಟೀಗೆ ಸಕ್ಕರೆ ಬೇಡ ಅನ್ನಿ."

ಆದಿನಾರಾಯಣ ಟೀಯವನ ಕಡೆ ತಿರುಗಿ ಹಾಗೆಯೇ ಹೇಳಿದ.